ತಲೆ ಮುಟ್ಟದ ಕೈ

ಮೊನ್ನೆ ಪುತ್ತೂರಿನಲ್ಲಿ ನೆಂಟರೊಬ್ಬರ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೋಗಿದ್ದೆ. ಬಾಗಿಲ ಎರಡೂ ಬದಿಯಲ್ಲಿ ಅಲಂಕಾರಕ್ಕೆ ಅಂತ ಅಕ್ಕಿಮುಡಿ ಇಟ್ಟಿದ್ದರು. ಈಗಿನ ಮಕ್ಕಳಿಗೆ ಮುಡಿ ಗೊತ್ತಿರಲಿಕ್ಕಿಲ್ಲ. ಗೋಣಿಚೀಲ ಬಳಕೆಗೆ ಬರುವ ಮೊದಲು ನಮ್ಮ ಕಡೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಲ್ಲಿ ಬಿಗಿದು, ಮರದ ಕೊಡತಿಯಲ್ಲಿ ಹೊಡೆದು ಹೊಡೆದು ಚೆಂಡಿನ ಹಾಗೆ ಗುಂಡಗೆ ಮಾಡಿ ಅಟ್ಟಕ್ಕೆ ಏರಿಸುತ್ತಿದ್ದರು. ಮಳೆಗಾಲದಲ್ಲಿ ಒಂದೊಂದಾಗಿ ಇಳಿಸಿ ಬಿಚ್ಚುವುದು. ನಾನು ಬಗ್ಗಿ ಒಂದಕ್ಕೆ ಮೂಗು ತಾಗಿಸಿದೆ. ಹುಲ್ಲಿನ ವಾಸನೆ ಸರಿಯಾಗಿಯೇ ಇತ್ತು. ಬೆರಳಲ್ಲಿ ಒತ್ತಿದರೆ ಮಾತ್ರ ಮೆತ್ತಗೆ ಒಳಗೆ ಹೋಯಿತು.

"ಇದರ ಒಳಗೆ ಎಂತ ಉಂಟು?" ಅಂತ ಮನೆಯ ಸೊಸೆಯನ್ನು ಕೇಳಿದೆ.

"ಥರ್ಮಕೋಲ್ ಅಜ್ಜೀ. ಅಕ್ಕಿ ಹಾಕಿದ್ರೆ ಹುಳ ಆಗ್ತದಲ್ಲ."

"ಒಳ್ಳೇದಾಯ್ತು. ಇದರೊಳಗೆ ಎಂತದೂ ಕಳೆದುಹೋಗುದಿಲ್ಲ" ಅಂದೆ. ಪಾಪ, ಅವಳು ನಕ್ಕಳು. ಅಜ್ಜಿ ಏನೋ ತಮಾಷೆ ಮಾಡಿದರು ಅಂದುಕೊಂಡಿರಬೇಕು. ನನಗೆ ಆ ದಿನ ಊಟ ಸೇರಲಿಲ್ಲ. ಎಲೆಯ ಮುಂದೆ ಕೂತರೂ ಮೂಗಿನಲ್ಲಿ ಹುಲ್ಲಿನ ವಾಸನೆ. ಎಪ್ಪತ್ತು ದಾಟಿದ ಮೇಲೆ ಮರೆವು ಬರುತ್ತದೆ ಅನ್ನುತ್ತಾರೆ, ಸುಡುಗಾಡು ಮರೆವು. ಬೇಕಾದ್ದು ಮಾತ್ರ ಮರೆಯುತ್ತದೆ, ಬೇಡದ್ದು ನೆನಪಿರುತ್ತದೆ.

ಐವತ್ತರ ದಶಕದ ನಡುವಿನ ಒಂದು ಸುಗ್ಗಿ ಅದು. ನಾನು ಗುತ್ತಿಗಾರಿನ ಕಡೆಯ ಒಂದು ಬೇಸಾಯದ ಮನೆಯ ಕಿರಿಯ ಸೊಸೆ. ಪುತ್ತೂರಿನವಳು. ಮದುವೆಗೆ ಮೊದಲು ಸ್ವಲ್ಪ ಕಾಲ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವಳು. ಹಾಗಾಗಿ ಆ ಮನೆಯಲ್ಲಿ ನನಗೆ 'ಪೇಟೆಯವಳು' ಅಂತಲೇ ಹೆಸರು. ಸುಳ್ಯದವರೆಗೆ ಬಸ್ಸು, ಅಲ್ಲಿಂದ ಮುಂದೆ ಸಿಕ್ಕಿದರೆ ಜೀಪು, ಸಿಗದಿದ್ದರೆ ನಡಿಗೆ. ಮನೆಯ ಹಿಂದಿನಿಂದಲೇ ಕಾಡು ಶುರು. ಮನೆಯಲ್ಲಿ ಅತ್ತೆ, ಮನೆಯ ಯಜಮಾನಿಕೆ ನೋಡುವ ಭಾವ ಅಂದರೆ ನನ್ನ ಗಂಡನ ಅಣ್ಣ, ಅವರ ಹೆಂಡತಿ, ನನ್ನ ಗಂಡ, ನಾನು. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮತ್ತೆ ನನ್ನ ಮಗಳು ಪದ್ಮಾವತಿ. ಎಲ್ಲರ ಬಾಯಲ್ಲಿ ಪದ್ದು. ಎರಡು ವರ್ಷ ದಾಟಿತ್ತು, ಮೂರು ತುಂಬಿರಲಿಲ್ಲ. ಆ ಮನೆಯಲ್ಲಿ ಆಡುತ್ತಿದ್ದದ್ದು ಅರೆಭಾಷೆ. ಅದು ಎಲ್ಲರಿಗೂ ತಿಳಿಯುವುದಿಲ್ಲ ಅಂತ ಅವರ ಮಾತನ್ನು ನಮ್ಮ ಪುತ್ತೂರಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಕ್ಕನಿಗೆ ಮಕ್ಕಳಿರಲಿಲ್ಲ. ಹರಕೆ ಹೊತ್ತು, ಮದ್ದು ಕುಡಿದು, ಕೊನೆಗೆ ಅದನ್ನೆಲ್ಲ ಬಿಟ್ಟಿದ್ದರು. ಪದ್ದುವಿಗೆ ಎಣ್ಣೆ ತಿಕ್ಕಿ ಮೀಯಿಸುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು, ಗಂಜಿ ಆರಿಸಿ ತಿನ್ನಿಸುವುದು ಎಲ್ಲ ಅಕ್ಕನೇ. ನನಗೆ ಅದರಲ್ಲಿ ಖುಷಿಯೇ ಇತ್ತು. ನನ್ನ ಕೈ ಬಿಡುವಾಗುತ್ತದೆ ಅಂತ ಖುಷಿಪಟ್ಟ ದಡ್ಡಿ ನಾನು.

ಇನ್ನು ನನ್ನ ಅಪ್ಪನ ಮಾತು ಹೇಳಬೇಕು. ಅದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ಪುತ್ತೂರಿನಲ್ಲಿ ಕೋರ್ಟಿನ ಎದುರಿನ ಜಗಲಿಯಲ್ಲಿ ಕೂತು ಬೇರೆಯವರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ದೇವರ ಮೇಲೆ ಪ್ರಮಾಣ ಮಾಡಿ ಸಾಕ್ಷಿ ಹೇಳಿದವರು ಹೊರಗೆ ಬಂದು ಹಲ್ಲು ಕಿರಿಯುವುದನ್ನು ಜೀವಮಾನವಿಡೀ ನೋಡಿದವರು. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ಆಣೆ ಹಾಕಬಾರದು. 'ದೇವರಾಣೆ', 'ಅಮ್ಮನಾಣೆ' ಅಂತ ಬಾಯಿ ತಪ್ಪಿ ಬಂದರೂ ಬಾವಿಕಟ್ಟೆಗೆ ಹೋಗಿ ಬಾಯಿ ತೊಳೆಯಬೇಕು, ಆ ಹೊತ್ತಿನ ಊಟ ಇಲ್ಲ. "ಹೌದು ಅಥವಾ ಇಲ್ಲ. ಅಷ್ಟು ಹೇಳಿದ ಮೇಲೆ ಮತ್ತೆ ದೇವರನ್ನು ಎಳೆದು ತರ್ಲಿಕ್ಕೆ ನಿನ್ನ ಮಾತಿಗೇನು ಕಾಲಿಲ್ವಾ?" ಅನ್ನುತ್ತಿದ್ದರು. ನನ್ನ ಅಣ್ಣಂದಿರು ಅಪ್ಪನ ಬೆನ್ನ ಹಿಂದೆ ಬೇಕಾದಷ್ಟು ಆಣೆ ಹಾಕಿದರು. ನಾನು ಹಾಕಲಿಲ್ಲ. ನನಗೆ ಆ ಮಾತು ಎಲುಬಿಗೆ ಇಳಿದಿತ್ತು. ಇವತ್ತಿನವರೆಗೆ ಹಾಕಿಲ್ಲ. ನನ್ನ ಹತ್ತಿರ ಇರುವ ಆಸ್ತಿ ಅಂದರೆ ಅದೊಂದೇ. ಅದಕ್ಕೆ ಕೊಟ್ಟ ಬೆಲೆ ಕೇಳಿದರೆ ಯಾರೂ ಆ ಆಸ್ತಿಯನ್ನು ಪುಕ್ಕಟೆಗೂ ತೆಗೆದುಕೊಳ್ಳಲಿಕ್ಕಿಲ್ಲ.

ಆ ಸುಗ್ಗಿಗೆ ಆನೆಗಳ ಕಾಟ ವಿಪರೀತ. ಗದ್ದೆ ಕೊಯ್ಲಾದ ಮೇಲೂ ಬಿಡಲಿಲ್ಲ. ಪಕ್ಕದ ಮನೆಯವರ ಪಡಸಾಲೆಯಲ್ಲಿ ಸುರಿದಿಟ್ಟ ಅಕ್ಕಿಯ ವಾಸನೆ ಹಿಡಿದು ಬಂದು ಮಣ್ಣಿನ ಗೋಡೆಯನ್ನೇ ಒತ್ತಿ ಕೆಡವಿದವು. ಆ ಸುದ್ದಿ ಬಂದದ್ದು ನಮ್ಮ ಮನೆಯ ದೈವಕ್ಕೆ ವರ್ಷದ ತಂಬಿಲ ಕೊಡುವ ದಿನ. ತಂಬಿಲ ಅಂದರೆ ದೈವಕ್ಕೆ ಮನೆಯವರೇ ದೀಪ ಇಟ್ಟು, ಎಳನೀರು, ಅಡಿಕೆಯ ಹೂವಿನ ಹಿಂಗಾರ ಇಟ್ಟು ಕೈ ಮುಗಿಯುವುದು. ನಮ್ಮಲ್ಲಿ ಅಂಗಳದ ಬದಿಯ ಗುಡಿಯಲ್ಲಿ ಬಾಳೆಯೆಲೆಯ ಮೇಲೆ ಅಕ್ಕಿ ರಾಶಿ ಹಾಕಿ, ಅದರ ಮೇಲೆ ದೈವದ ಕತ್ತಿ, ಗಂಟೆ, ಬೆಳ್ಳಿಯ ಕಡಗ ಇಡುತ್ತಿದ್ದರು. ಕೆಲಸ ಮುಗಿದ ಮೇಲೆ ಭಾವ ಅವನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಕೀಲಿಕೈಯನ್ನು ಸೊಂಟದ ನೂಲಿಗೆ ಕಟ್ಟಿಕೊಳ್ಳುವರು.

ಆ ದಿನ ಭಾವನಿಗೆ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. "ಇವತ್ತೇ ಎಲ್ಲ ಅಕ್ಕಿಯನ್ನು ಮುಡಿ ಕಟ್ಟಿ ಅಟ್ಟಕ್ಕೆ ಹಾಕುದು. ನಾಳೆ ಅಂದ್ರೆ ಆನೆ ಬಂದು ತಿಂದು ಹೋದೀತು" ಅಂತ ಒಂದೇ ಬೊಬ್ಬೆ. ಅಂಗಳದಲ್ಲಿ ಮುಡಿ ಕಟ್ಟುವವನು ಹುಲ್ಲು ಹರಡಿ ಕೂತಿದ್ದ. ನಾನು ಸೇರಿನಲ್ಲಿ ಅಳೆದಳೆದು ಹೊರಗೆ ಕೊಡುತ್ತಿದ್ದೆ. ನನ್ನ ಗಂಡ ಕಟ್ಟಿದ ಮುಡಿಗಳನ್ನು ಹೊತ್ತು ಅಟ್ಟಕ್ಕೆ ಏರಿಸುತ್ತಿದ್ದರು. ದೈವದ ಮುಂದಿನ ಅಕ್ಕಿಯನ್ನೂ ಅಕ್ಕ ಬಾಳೆಯೆಲೆ ಸಮೇತ ಬಾಚಿ ತಂದು ಕೊನೆಯ ಮುಡಿಗೆ ಸುರಿದರು. ಸಂಜೆಗೆ ಮುಂಚೆ ಎಲ್ಲ ಮುಗಿಯಿತು. ಮೈಯೆಲ್ಲ ಹುಲ್ಲಿನ ತುರಿಕೆ. ಎಲ್ಲರೂ ಒಟ್ಟಿಗೆ ಕೂತು ಬೆಲ್ಲ ತಿಂದು ನೀರು ಕುಡಿದೆವು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಆ ಮೇಲೆ ಬಂದದ್ದು ಬಿಸಿಲು. ನೆಲಕ್ಕೆ ಕಾಲಿಡಲಾಗದ ಬಿಸಿಲು, ಬಾವಿಯ ನೀರು ತಳ ಮುಟ್ಟಿತು. ಬೇಸಗೆಯ ಕೊನೆಗೆ ಪತ್ತನಾಜೆ ಬರುತ್ತದೆ. ಮಳೆಗಾಲಕ್ಕೆ ಮೊದಲು ದೈವಗಳ ಕೆಲಸವನ್ನೆಲ್ಲ ಮುಗಿಸಿ ಗುಡಿಯ ಬಾಗಿಲು ಹಾಕುವ ದಿನ. ಭಾವ ಸಾಮಾನು ತೊಳೆದಿಡೋಣ ಅಂತ ಪೆಟ್ಟಿಗೆ ತೆರೆದರು. ಕತ್ತಿ ಇತ್ತು, ಗಂಟೆ ಇತ್ತು. ಕಡಗ ಇರಲಿಲ್ಲ.

ಪೆಟ್ಟಿಗೆಯನ್ನು ಮಗುಚಿ ಹಾಕಿ ಬಡಿದರು. ಗುಡಿಯ ಮೂಲೆ ಮೂಲೆ ಗುಡಿಸಿದರು. ಕೀಲಿಕೈ ತಮ್ಮ ಸೊಂಟದಲ್ಲೇ ಇತ್ತು ಅನ್ನುವುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವೆನಿಸಿತೋ. ಕೊನೆಗೆ ಚಾವಡಿಯಲ್ಲಿ ನಿಂತು ಹೇಳಿದರು, "ಯಾರು ತೆಗೆದದ್ದು ಅಂತ ನಾನು ಕೇಳುದಿಲ್ಲ. ದೈವವೇ ಕೇಳ್ಲಿ. ನಾಳೆ ಬೆಳಿಗ್ಗೆ ಎಲ್ಲರೂ ಮಿಂದು ಗುಡಿಯ ಮುಂದೆ ಬನ್ನಿ."

ಬೆಳಿಗ್ಗೆ ಮಿಂದು ಹೋದೆವು. ಭಾವ ಪದ್ದುವನ್ನು ಎತ್ತಿ ತಂದು ಗುಡಿಯ ಮುಂದಿನ ಮಣೆಯ ಮೇಲೆ ಕೂರಿಸಿದರು. ನನಗೆ ಎಂತಕ್ಕೆ ಅಂತ ತಿಳಿಯಲಿಲ್ಲ. ಅವರು ಎಡಗೈಯಲ್ಲಿ ಹಿಂಗಾರದ ಗೊನೆ ಹಿಡಿದು, ಬಲಗೈಯನ್ನು ಮಗುವಿನ ತಲೆಯ ಮೇಲಿಟ್ಟು ಹೇಳಿದಾಗ ತಿಳಿಯಿತು.

"ಕಡಗ ನಾನು ತೆಗೆದವನಲ್ಲ. ತೆಗೆದಿದ್ರೆ ಈ ಮನೆಯ ಕುಡಿ ಒಣಗಿ ಹೋಗ್ಲಿ."

ಮನೆಯಲ್ಲಿ ಇದ್ದ ಕುಡಿ ಒಂದೇ. ಭಾವನ ನಂತರ ಅತ್ತೆ ಬಂದರು, ಅದೇ ಗೊನೆ, ಅದೇ ಮಾತು. ಆ ಮೇಲೆ ಅಕ್ಕ ಬಂದರು. ಎರಡು ಕೈ ಬಿದ್ದಾಗಲೂ ಪದ್ದು ಆಟ ಅಂತ ನಗುತ್ತಿದ್ದಳು. ಅಕ್ಕ ಕೈಯಿಟ್ಟಾಗ ಅವರ ಬಳೆ ಹಿಡಿದು ಎಳೆದಳು. ನಾಲ್ಕನೆಯವರು ನನ್ನ ಗಂಡ. ಹೆತ್ತ ಅಪ್ಪ. ಅವರೂ ಕೈ ಇಟ್ಟರು. ಒಣಗಿ ಹೋಗಲಿ ಅಂತ ಬಾಯಿ ಬಿಟ್ಟು ಹೇಳಿದರು. ಹಿಂಗಾರದ ಆ ಸಿಹಿ ವಾಸನೆ ಈಗಲೂ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ನನ್ನ ಸರದಿ ಬಂದಾಗ ನಾನು ಮಗುವನ್ನು ಮಣೆಯಿಂದ ಎತ್ತಿ ಸೊಂಟಕ್ಕೆ ಹಾಕಿಕೊಂಡೆ.

"ಕಡಗ ನಾನು ತೆಗೆದಿಲ್ಲ" ಅಂದೆ. "ನನ್ನ ಮಾತು ಇಷ್ಟೇ. ಮಗುವಿನ ಮಂಡೆ ಮುಟ್ಟಿ ಆಣೆ ಹಾಕ್ಲಿಕ್ಕೆ ನನ್ನಿಂದಾಗುದಿಲ್ಲ."

"ತೆಗೆದಿಲ್ಲ ಅಂತಾದ್ರೆ ಹೆದರಿಕೆ ಎಂತಕ್ಕೆ?" ಅಂದರು ಭಾವ.

"ಹೆದರಿಕೆ ಇಲ್ಲ ಭಾವ. ನಾನು ಹುಟ್ಟಿದ ಮೇಲೆ ಒಂದು ಆಣೆ ಹಾಕಿದವಳಲ್ಲ. ಇಲ್ಲ ಅಂದ್ರೆ ಇಲ್ಲ."

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ನಾವೆಲ್ಲ ಹಾಕಿದೆವಲ್ಲ, ಹಾಗಾದ್ರೆ ನಾವೆಂತ ಕಳ್ಳರಾ? ನಿನ್ನ ನಾಲಗೆಗೆ ಮಾತ್ರ ಮಡಿಯಾ?"

"ನಿಮ್ಮ ನಾಲಗೆ ನಿಮ್ಮ ಇಷ್ಟ ಅತ್ತೆ. ಕೈ ಇಟ್ಟದ್ದು ನನ್ನ ಮಗುವಿನ ಮಂಡೆ ಮೇಲೆ. ಯಾರಾದ್ರೂ ನನ್ನ ಹತ್ತಿರ ಒಂದು ಮಾತು ಕೇಳಿದ್ರಾ?"

ಅಕ್ಕ ನನ್ನನ್ನೇ ನೋಡುತ್ತಾ ಬಹಳ ಮೆಲ್ಲಗೆ ಹೇಳಿದರು, "ನನಗೂ ಒಂದು ಮಗು ಇದ್ದಿದ್ರೆ ಅದರ ಮಂಡೆ ಮೇಲೆಯೇ ಇಡ್ತಿದ್ದೆ ಕಮಲ."

ಆ ಕ್ಷಣದಿಂದ ಅಕ್ಕ ನನ್ನ ಕಡೆಗೆ ಇಲ್ಲವಾದರು. ಕಡಗದ ವಿಷಯಕ್ಕಲ್ಲ, 'ನನ್ನ ಮಗು' ಅಂದದ್ದಕ್ಕೆ.

ಕಳ್ಳತನ ಮಾಡಿದವಳು ನಾನೇ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಮರುದಿನ ಅಡುಗೆಮನೆಗೆ ಹೋದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ನೀನು ಇಲ್ಲಿಗೆ ಬರ್ಬೇಡ, ದೈವದ ಅಡುಗೆ ಆಗುವ ಒಲೆ ಇದು" ಅಂದರು. ನನಗೆ ದನದ ಹಟ್ಟಿಯ ಬದಿಯ ಕೋಣೆ. ಬೇರೆ ಚಾಪೆ, ಬೇರೆ ತಂಬಿಗೆ. ಊಟದ ಎಲೆಯನ್ನು ಹೊಸ್ತಿಲ ಆಚೆಯಿಂದ ತಳ್ಳುತ್ತಿದ್ದರು. ನಾಯಿಗೆ ಹಾಕುವಾಗಲಾದರೂ 'ಬಾ' ಅಂತ ಒಂದು ಮಾತು ಇರುತ್ತದೆ. ಕೆಲಸಕ್ಕೆ ಬರುವ ಹೆಂಗಸರು ನನ್ನನ್ನು ಕಂಡರೆ ಸೆರಗು ಒಟ್ಟು ಮಾಡಿಕೊಂಡು ದಾಟಿ ಹೋಗುತ್ತಿದ್ದರು, ಅವರ ಕಿವಿಯ ಓಲೆಯನ್ನೂ ನಾನು ಕಿತ್ತುಕೊಂಡೇನು ಅನ್ನುವ ಹಾಗೆ. ಪದ್ದು ಅಕ್ಕನ ಹತ್ತಿರ ಮಲಗುತ್ತಿದ್ದಳು. ಹಗಲು ಅವಳು ನನ್ನ ಕೋಣೆಯ ಕಡೆಗೆ ಓಡಿ ಬಂದರೆ ಯಾರಾದರೂ ಹಿಂದಿನಿಂದ ಬಂದು ಎತ್ತಿಕೊಂಡು ಹೋಗುವರು. ಒಂದು ದಿನ ಅವಳು ಬಾಗಿಲಲ್ಲಿ ನಿಂತು, ಹೊಸ ಹಾಡು ಕಲಿತ ಸಂತೋಷದಲ್ಲಿ, "ಅಮ್ಮ ಕಳ್ಳಿ, ಅಮ್ಮ ಕಳ್ಳಿ" ಅಂತ ಕೈ ತಟ್ಟಿ ಹೇಳಿದಳು. ಅವಳಿಗೆ ಯಾರು ಕಲಿಸಿದರು ಅಂತ ನಾನು ಕೇಳಲಿಲ್ಲ. ಮಕ್ಕಳಿಗೆ ಹಾಡು ಕಲಿಸುವವರು ಆ ಮನೆಯಲ್ಲಿ ಒಬ್ಬರೇ ಇದ್ದರು.

ನನ್ನ ಗಂಡ ಒಳ್ಳೆಯವರು. ಹೊಡೆಯಲಿಲ್ಲ, ಬೈಯಲಿಲ್ಲ. ಒಳ್ಳೆಯವರಾಗಿ ಇರುವುದು ಎಷ್ಟು ಸುಲಭ ಅಂತ ನಾನು ಅವರನ್ನು ನೋಡಿಯೇ ಕಲಿತದ್ದು. ಬಾವಿಕಟ್ಟೆಯಲ್ಲಿ ನಾನೊಬ್ಬಳೇ ಇದ್ದಾಗ ಬಂದು ನಿಂತರು.

"ನಾನೇನು ಸುಳ್ಳು ಹೇಳು ಅಂತೇನಾ ಮಾರಾಯ್ತಿ? ನಿಜ ಇರುದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳು ಅಂತ. ಒಂದು ಮಾತು. ಮಗುವಿನ ಮಂಡೆ ಮುಟ್ಟಿ ಒಂದು ಮಾತು ಹೇಳಿದ್ರೆ ಎಲ್ಲ ಮುಗೀತದೆ."

"ನಾನು ತೆಗೆದಿಲ್ಲ ಅಂತ ನೀವು ನಂಬ್ತೀರಾ?"

"ನಂಬ್ತೇನೆ. ನನಗೆ ನಿನ್ನ ಬಗ್ಗೆ ಗೊತ್ತಿಲ್ವಾ?"

"ಹಾಗಾದ್ರೆ ಆ ಮಾತನ್ನು ಚಾವಡಿಯಲ್ಲಿ ನಿಂತು ನಿಮ್ಮ ಅಣ್ಣನಿಗೆ ಹೇಳಿ. ನನ್ನ ಆಣೆಗಿಂತ ಅದು ಗಟ್ಟಿ ಆಗ್ತದೆ."

ಅವರು ಬಾವಿಯೊಳಗೆ ಇಣುಕಿ ನೋಡಿದರು. ಅಲ್ಲಿ ನೀರೂ ಇರಲಿಲ್ಲ. "ಅಣ್ಣನ ಎದುರು ನಾನು ಹೇಗೆ ಮಾತಾಡುದು" ಅಂತ ಗೊಣಗಿ ಹೊರಟುಹೋದರು. ಆ ದಿನ ನಾನು ಕೊಡಪಾನವನ್ನು ಕಲ್ಲಿಗೆ ಕುಕ್ಕಿದ್ದರಿಂದ ಅದು ಜಜ್ಜಿ ಹೋಯಿತು. ಅದಕ್ಕೂ ಅತ್ತೆಯಿಂದ ಬೈಗಳು ತಿಂದೆ.

ಮೊದಲ ಮಳೆ ಬಿದ್ದು ಕೋಣೆಯ ನೆಲವೆಲ್ಲ ಒದ್ದೆಯಾಗಿದ್ದ ದಿನ ಭಾವ ಹೊಸ್ತಿಲ ಆಚೆ ನಿಂತು ಹೇಳಿದರು, "ನೀನು ಸ್ವಲ್ಪ ಸಮಯ ಅಪ್ಪನ ಮನೆಯಲ್ಲಿ ಇದ್ದು ಬಾ. ಬುದ್ಧಿ ಬಂದ ಮೇಲೆ ನೋಡುವ." ನಾನು ಬಟ್ಟೆಯ ಗಂಟು ಕಟ್ಟಿ ಮಗುವನ್ನು ಕರೆಯಲು ಒಳಗೆ ಹೋದರೆ ಪದ್ದು ಇಲ್ಲ, ಅಕ್ಕನೂ ಇಲ್ಲ. ಬೆಳಿಗ್ಗೆಯೇ ಮಗುವನ್ನು ಎತ್ತಿಕೊಂಡು ಅಕ್ಕ ತಮ್ಮ ತವರಿಗೆ ಹೋಗಿದ್ದರು.

"ಮಗುವಿಲ್ಲದೆ ನಾನು ಹೋಗುದಿಲ್ಲ" ಅಂತ ಅಂಗಳದಲ್ಲಿ ಕೂತೆ. ಮಳೆ ಸುರಿಯಿತು, ಯಾರೂ ಒಳಗೆ ಕರೆಯಲಿಲ್ಲ. ಕೊನೆಗೆ ನನ್ನ ಗಂಡ ಕೊಡೆ ಹಿಡಿದು ಬಂದು ಕಿವಿಯ ಹತ್ತಿರ ಹೇಳಿದರು, "ಏಳು. ಅತ್ತಿಗೆ ಬಂದ ಕೂಡಲೇ ನಾನೇ ಪದ್ದುವನ್ನು ಪುತ್ತೂರಿಗೆ ತಂದು ಬಿಡ್ತೇನೆ. ದೇವರಾಣೆ."

ಜೀವನದಲ್ಲಿ ಮೊದಲ ಸಲ ನಾನು ಒಂದು ಆಣೆಯನ್ನು ನಂಬಿದೆ. ಎದ್ದು ಅವರ ಹಿಂದೆ ನಡೆದೆ. ಸುಳ್ಯದಲ್ಲಿ ಬಸ್ಸಿಗೆ ಹತ್ತಿಸಿ ಕಿಟಕಿಯ ಹತ್ತಿರ ನಿಂತರು. ಬಸ್ಸು ಹೊರಟಾಗ ಅವರ ಮುಖದಲ್ಲಿ ಕಂಡದ್ದು ದುಃಖ ಅಂತ ಅಂದುಕೊಂಡಿದ್ದೆ. ದೊಡ್ಡ ಹೊರೆ ಇಳಿಸಿದವರ ಮುಖವೂ ಹಾಗೆಯೇ ಇರುತ್ತದೆ ಅಂತ ಆಮೇಲೆ ತಿಳಿಯಿತು.

ಪುತ್ತೂರಿನ ಮನೆಯ ಜಗಲಿ ಹತ್ತಿದಾಗ ನನಗೆ ಒಂದೇ ಧೈರ್ಯ ಇತ್ತು, ಅಪ್ಪನಿಗಾದರೂ ಅರ್ಥವಾಗುತ್ತದೆ ಅಂತ. ಎಲ್ಲ ಹೇಳಿದೆ. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ಒಂದು ಮಾತು ಹೇಳಿ ಬರ್ಲಿಕ್ಕೆ ಆಗ್ಲಿಲ್ವಾ ನಿನಗೆ?" ಅಂದರು.

"ನೀವೇ ಅಲ್ವಾ ಅಪ್ಪ ಆಣೆ ಹಾಕ್ಬಾರ್ದು ಅಂತ ಕಲಿಸಿದ್ದು?"

"ಅದು ಮಕ್ಕಳಿಗೆ ಹೇಳುವ ಮಾತು, ಮಗಾ. ಸಂಸಾರ ಬಿಟ್ಟು ಬಾ ಅಂತ ಹೇಳಿದ್ನಾ ನಾನು?"

ನಗು ಬಂತು ನನಗೆ. ನಿಜವಾಗಿ ನಕ್ಕೆ, ಅಮ್ಮ ಹೆದರಿ ನೀರು ತಂದು ಕೊಟ್ಟರು. ಮನೆ, ಮಗು ಎಲ್ಲ ಬಿಟ್ಟು ಬಂದಿದ್ದೆ ನಾನು ಆ ಮಾತಿಗಾಗಿ! ಅದು ಮಕ್ಕಳಿಗೆ ಹೇಳುವ ಮಾತಂತೆ. ದೊಡ್ಡವರಾದ ಮೇಲೆ ಚಿಕ್ಕಂದಿನ ಚೊಣ್ಣ ಚಡ್ಡಿಯ ಹಾಗೆ ಅದನ್ನೂ ಬಿಚ್ಚಿಡಬೇಕಾಗಿತ್ತು, ನನಗೆ ಯಾರೂ ಹೇಳಲಿಲ್ಲ. ಅಪ್ಪನ ಮೇಲೆ ನನಗೆ ಆ ದಿನ ಬಂದ ಸಿಟ್ಟು ಅವರು ಸತ್ತ ಮೇಲೂ ಹೋಗಲಿಲ್ಲ. ಮಗುವನ್ನು ಕೇಳಿ ಅರ್ಜಿ ಹಾಕೋಣ ಅಂದರೆ, "ಮಗುವಿನ ಅಪ್ಪ ಇರುವಾಗ ಅದನ್ನು ನಿನಗೆ ಯಾರು ಕೊಡ್ತಾರೆ? ಸುಮ್ಮನೆ ಇರು, ಅವರೇ ಬರ್ತಾರೆ" ಅಂತ ಬಾಯಿ ಮುಚ್ಚಿಸಿದರು. ಊರಿಡೀ ಬೇರೆಯವರಿಗೆ ಅರ್ಜಿ ಬರೆದವರು ನನಗೆ ಒಂದು ಬರೆದುಕೊಡಲಿಲ್ಲ.

ಆ ಮಳೆಗಾಲ ನಾನು ರಸ್ತೆ ನೋಡುತ್ತ ಕಳೆದೆ. ಸುಳ್ಯದ ಕಡೆಯಿಂದ ಬರುವ ಬಸ್ಸಿನ ಶಬ್ದ ದೂರದಿಂದಲೇ ಗುರುತು ಸಿಗುತ್ತಿತ್ತು. ಪದ್ದುವಿಗೆ ಅಂತ ಒಂದು ಲಂಗ ಹೊಲಿದಿಟ್ಟೆ. ಸ್ವಲ್ಪ ದೊಡ್ಡದಾಗಿಯೇ ಹೊಲಿದೆ, ಮಕ್ಕಳು ಬೇಗ ಬೆಳೆಯುತ್ತವಲ್ಲ.

ಆಟಿ ತಿಂಗಳಲ್ಲಿ, ಹೊರಗೆ ಕಾಲಿಡಲಾಗದ ಮಳೆಯಲ್ಲಿ, ನನ್ನ ಗಂಡ ಬಂದರು. ಒಬ್ಬರೇ. ಕೊಡೆಯನ್ನು ಜಗಲಿಯಲ್ಲಿ ಮಡಚಿಟ್ಟು, ಮುಖದ ನೀರು ಒರೆಸಿ, ನಗುತ್ತಾ ಹೇಳಿದರು, "ಕಡಗ ಸಿಕ್ಕಿತು ಕಮಲ."

ಅಟ್ಟದಿಂದ ಮುಡಿಗಳನ್ನು ಇಳಿಸಿ ಬಿಚ್ಚುತ್ತಿದ್ದರಂತೆ. ತಂಬಿಲದ ದಿನ ಕೊನೆಗೆ ಕಟ್ಟಿದ ಮುಡಿಯನ್ನು ಅಕ್ಕ ಬಿಚ್ಚಿ ಸೇರು ಹಾಕಿದಾಗ ಟಣ್ ಅಂದಿತಂತೆ. ಅಕ್ಕಿಯ ನಡುವೆ ಕಡಗ. ಆನೆಯ ಗಡಿಬಿಡಿಯಲ್ಲಿ ಭಾವ ಕತ್ತಿ, ಗಂಟೆ ಪೆಟ್ಟಿಗೆಗೆ ಹಾಕಿದ್ದರು. ಅಕ್ಕಿಯೊಳಗೆ ಮುಳುಗಿದ್ದ ಕಡಗವನ್ನು ಅಕ್ಕ ಅಕ್ಕಿಯ ಜೊತೆಗೇ ಬಾಚಿ ಮುಡಿಗೆ ಸುರಿದಿದ್ದರು. ಕದ್ದವರೇ ಇಲ್ಲ. ನಾಲ್ಕು ಜನ ಇಲ್ಲದ ಕಳ್ಳನಿಗಾಗಿ ನನ್ನ ಮಗುವಿನ ಜೀವ ಪಣಕ್ಕಿಟ್ಟಿದ್ದರು.

ಒಳಗೆ ಓಡಿ ಹೋಗಿ ತಲೆ ಬಾಚಿ, ಬಟ್ಟೆಯ ಗಂಟು ತಂದು ಜಗಲಿಯಲ್ಲಿಟ್ಟೆ. ಪದ್ದುವಿನ ಲಂಗ ಎಲ್ಲದರ ಮೇಲೆ ಇತ್ತು. "ಹೊರಡುವ" ಅಂದೆ.

ಅವರು ಗಂಟನ್ನು ನೋಡಿ ಕಾಲಿನ ಬೆರಳು ನೋಡಿಕೊಂಡರು. "ಹೊರಡುವ ಮೊದಲು ಒಂದು ವಿಷಯ ಉಂಟು. ಅಣ್ಣ ಹೇಳುದೆಂತಂದ್ರೆ, ನೀನು ಮನೆ ಬಿಟ್ಟ ಮೇಲೆಯೇ ಅಲ್ವಾ ಕಡಗ ಸಿಕ್ಕಿದ್ದು? ದೈವಕ್ಕೆ ನಿನ್ನ ಮೇಲೆ ಕೋಪ ಇತ್ತು. ನೀನು ಹೋದ ಮೇಲೆ ಮನೆ ಶುದ್ಧ ಆಯ್ತು, ದೈವವೇ ತಂದಿಟ್ಟಿತು ಅಂತ. ಊರಿನವರೂ ಹಾಗೆಯೇ ಹೇಳ್ತಾರೆ. ನೀನು ಬಂದು ದೈವದ ಮುಂದೆ ತಪ್ಪು ಕಾಣಿಕೆ ಹಾಕ್ಬೇಕು. ನನ್ನಿಂದ ತಪ್ಪಾಯ್ತು ಅಂತ ಒಪ್ಪಿ ಅಡ್ಡ ಬಿದ್ರೆ ಸಾಕು."

"ಯಾವ ತಪ್ಪು?"

"ಯಾವುದಾದ್ರೂ ಆಗ್ಲಿ ಮಾರಾಯ್ತಿ! ತಪ್ಪಾಯ್ತು ಅಂತ ಹೇಳು ಅಷ್ಟೇ."

"ಭಾವ ಹಾಕ್ತಾರಾ ಕಾಣಿಕೆ? ಅಕ್ಕಿಯೊಳಗೆ ಬಿಟ್ಟದ್ದು ಅವರು. ಅಕ್ಕ ಹಾಕ್ತಾರಾ? ಮುಡಿಗೆ ಸುರಿದದ್ದು ಅವರು."

"ಅವರು ಎಂತಕ್ಕೆ ಹಾಕ್ಬೇಕು? ಅವರು ಆಣೆ ಹಾಕಿದ್ದಾರಲ್ಲ."

ಪದ್ದುವನ್ನು ತಂದು ಬಿಡುತ್ತೇನೆ ಅಂತ ನೀವೂ ಆಣೆ ಹಾಕಿದ್ದಿರಲ್ಲ ಅಂತ ಕೇಳಿದೆ. ಅದಕ್ಕೆ ಅವರು, ಮಗು ಅಕ್ಕನಿಗೆ ಹೊಂದಿಕೊಂಡಿದೆ, 'ಅಮ್ಮ' ಅಂತಲೇ ಕರೆಯುತ್ತದೆ, ತಡ ಮಾಡಿದಷ್ಟೂ ಕಷ್ಟ ಅಂತ ಹೇಳಿದರು. ಅದೂ ನಿಜವೇ. ನನ್ನನ್ನು ಬೆದರಿಸಲಿಕ್ಕೆ ಅಂತ ಅವರು ಹೇಳಲಿಲ್ಲ, ಅಷ್ಟು ಕೆಟ್ಟತನಕ್ಕೂ ಧೈರ್ಯ ಬೇಕು.

ಮೊದಲ ಸಲ ನನ್ನನ್ನು ಕೇಳಿದ್ದು ನಿಜವನ್ನು ಗಟ್ಟಿಯಾಗಿ ಹೇಳು ಅಂತ. ಈಗ ಕೇಳಿದ್ದು ಸುಳ್ಳನ್ನು ಮೆಲ್ಲಗೆ ಹೇಳು ಅಂತ. ಅಪ್ಪ ಒಳಗಿನಿಂದ "ಹೋಗು ಮಗಾ, ಹೋಗು" ಅಂದರು. ಅಮ್ಮ ಕೈ ಮುಗಿದರು. ಜಗಲಿಯ ಮೇಲೆ ಲಂಗ ಇತ್ತು. ನಾನು ಹೋಗಲಿಲ್ಲ.

ಹೋಗಬೇಕಾಗಿತ್ತು ಅಂತ ಆ ಮೇಲೆ ಎಲ್ಲರೂ ಹೇಳಿದರು. ಹೇಳದವರು ಯಾರೂ ಇಲ್ಲ. ಮಳೆ ಬಿಟ್ಟ ಮೇಲೆ ನಾನೊಬ್ಬಳೇ ಗುತ್ತಿಗಾರಿಗೆ ಹೋಗಿ ಅಂಗಳದ ಕೆಳಗೆ ನಿಂತು ಮಗುವನ್ನು ಕರೆದೆ. ಪದ್ದು ಅಕ್ಕನ ಸೀರೆಯ ಹಿಂದೆ ಅವಿತು, "ಅಮ್ಮಾ, ಕಳ್ಳಿ ಬಂದಳು" ಅಂದಳು. ಅಕ್ಕ ಅವಳ ಬಾಯಿ ಮುಚ್ಚಿದರು. ಬಾಯಿ ಮುಚ್ಚಿದ ಕೈಯನ್ನು ಮಗು ಮುದ್ದು ಮಾಡಿತು. ನಾನು ಲಂಗವನ್ನು ಮೆಟ್ಟಿಲ ಮೇಲಿಟ್ಟು ತಿರುಗಿ ನಡೆದೆ.

ಮತ್ತೆ ಶಾಲೆಗೆ ಸೇರಿದೆ. ಕಡಬದ ಕಡೆ ಹಾಕಿದರು. ಮಕ್ಕಳಿಗೆ ಮಗ್ಗಿ ಕಲಿಸಿದೆ, ಆಣೆ ಹಾಕಬಾರದು ಅಂತಲೂ ಕಲಿಸಿದೆ. ಯಾಕೆ ಅಂತ ಒಂದು ಮಗುವೂ ಕೇಳಲಿಲ್ಲ, ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಗಂಡ ಬೇರೆ ಮದುವೆ ಮಾಡಿಕೊಳ್ಳಲಿಲ್ಲ. ನನ್ನನ್ನು ಕರೆಯಲಿಲ್ಲ, ಬಿಡಲೂ ಇಲ್ಲ.

ಅರುವತ್ತರ ದಶಕದ ಕೊನೆಗೆ, ಅಂಥದೇ ಒಂದು ಸುಗ್ಗಿ ಮುಗಿದ ಬಿಸಿಲಿನಲ್ಲಿ, ಪದ್ದುವಿನ ಮದುವೆ. "ಬೇಕಾದ್ರೆ ಬರ್ಬಹುದು" ಅಂತ ಗಂಡ ಒಬ್ಬರ ಹತ್ತಿರ ಹೇಳಿ ಕಳಿಸಿದ್ದರು. ಹೋದೆ. ಮಾನ ಇರುವವಳು ಹೋಗುತ್ತಿರಲಿಲ್ಲ ಅಂತ ಯಾರೋ ಚಪ್ಪರದಲ್ಲಿ ಹೇಳಿದ್ದು ಕೇಳಿಸಿತು. ತಾಯಿಯ ಜಾಗದಲ್ಲಿ ಅಕ್ಕ, ತಂದೆಯ ಜಾಗದಲ್ಲಿ ಭಾವ ನಿಂತಿದ್ದರು. ನನ್ನ ಗಂಡ ಬಡಿಸುವವರಿಗೆ ಎಲೆ ಎಣಿಸಿ ಕೊಡುತ್ತಿದ್ದರು. ಮದುಮಗಳಿಗೆ ಸೇಸೆ ಹಾಕುವ ಹೊತ್ತು. ಹಿರಿಯರು ಒಬ್ಬೊಬ್ಬರಾಗಿ ಹೋಗಿ ಅಕ್ಕಿಕಾಳನ್ನು ಅವಳ ಮೊಣಕಾಲು, ಭುಜ, ತಲೆಯ ಮೇಲೆ ಹಾಕಿ, ತಲೆ ಮುಟ್ಟಿ ಹರಸುವುದು. ನಾನು ಸಾಲಿನ ಕೊನೆಗೆ ನಿಂತೆ. ನನ್ನ ಹಿಂದೆಯೂ ಜನ ಬಂದು ನಿಂತರು.

ಹತ್ತಿರ ಹೋದಾಗ ಪದ್ದು ತಲೆ ಎತ್ತಿದಳು. ನನ್ನದೇ ಕಣ್ಣು. ನನ್ನ ಹಾಗೆಯೇ ನೇರ ನೋಡುತ್ತಾಳೆ. ಪಕ್ಕದವರಿಗೆ ಕೇಳದ ಹಾಗೆ ಮಾತಾಡಿದಳು.

"ಒಂದು ಕೇಳ್ತೇನೆ. ಹೌದು, ಇಲ್ಲ, ಅಷ್ಟೇ ಹೇಳಿ. ನಿಮಗೆ ಅದೇ ಅಭ್ಯಾಸ ಅಂತ ಕೇಳಿದ್ದೇನೆ. ಆಣೆ ಹಾಕದಿದ್ರೆ ನಾನು ನಿಮಗೆ ಸಿಗ್ಲಿಕ್ಕಿಲ್ಲ ಅಂತ ಮೊದಲೇ ಗೊತ್ತಿದ್ರೆ, ಅವತ್ತು ನನ್ನ ತಲೆ ಮುಟ್ತಿದ್ರಾ?"

ಹಿಡಿಯಲ್ಲಿದ್ದ ಅಕ್ಕಿ ಬೆವರಿಗೆ ಅಂಟಿತ್ತು. ಹೌದು ಅಂದರೆ ಅವಳು ಸಿಗುತ್ತಾಳೆ. ಅವಳ ಕಣ್ಣೇ ಹಾಗೆ ಹೇಳುತ್ತಿತ್ತು, ಹೌದು ಅನ್ನಲಿ ಅಂತ ಅವಳು ಎಷ್ಟು ವರ್ಷದಿಂದ ಕಾದಿದ್ದಳೋ. ನಾಲಗೆಯ ತುದಿಗೆ ಬಂತು. ಆದರೆ ಆಟಿಯ ಆ ಜಗಲಿ ಕಣ್ಣ ಮುಂದೆ ಬಂತು, ಗೊತ್ತಿದ್ದೂ ನಾನು ಏಳದೆ ಕೂತ ಜಗಲಿ. ಹೌದು ಅನ್ನುವುದು ಸುಳ್ಳು. ಮಗಳಿಗೆ ಹೇಳುವ ಮೊದಲ ಮಾತೇ ಸುಳ್ಳು ಆಗಬೇಕಾ?

"ಇಲ್ಲ" ಅಂದೆ.

ಅವಳು ಅಳಲಿಲ್ಲ. ನಾನು ಹರಸಲಿಕ್ಕೆ ಕೈ ಎತ್ತಿದಾಗ ತಲೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹಾಗಾದ್ರೆ ಈಗಲೂ ಮುಟ್ಬೇಡಿ. ಅಲ್ಲಿಂದಲೇ ಅಕ್ಕಿ ಹಾಕಿ."

ನಾನು ನಿಂತಲ್ಲಿಂದಲೇ ಹಾಕಿದೆ. ಬೆವರಿಗೆ ಅಂಟಿದ ಅಕ್ಕಿ ಸರಿಯಾಗಿ ಬೀಳಲಿಲ್ಲ. ಒಂದೆರಡು ಕಾಳು ಅವಳ ಬೈತಲೆಯಲ್ಲಿ ನಿಂತವು. ಪಕ್ಕದಲ್ಲಿದ್ದ ಅಕ್ಕ ಅದನ್ನು ಸೆರಗಿನ ತುದಿಯಿಂದ ಒರೆಸಿ ತೆಗೆದು, ಅಂಗೈಯನ್ನು ಅವಳ ತಲೆಯ ಮೇಲಿಟ್ಟು ಕೂದಲು ಸರಿಮಾಡಿ, ನನ್ನ ಹಿಂದಿನವರಿಗೆ ಹೇಳಿದರು, "ಬನ್ನಿ, ನೀವು ಬನ್ನಿ."